ಹೊಸದೊಂದು ಸ್ವಂತ ಲೆಕ್ಕಪತ್ರದ ತಂತ್ರಾಂಶ ಕಟ್ಟುವವರಿಗೆ: ಹಂತ ಹಂತದ ಮಾರ್ಗದರ್ಶಿ

ಪ್ರೋಗ್ರಾಮಿಂಗ್ ಬಲ್ಲ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಸ್ವಂತ ಹಣಕಾಸಿನ ಲೆಕ್ಕ ಇಡುವ ತಂತ್ರಾಂಶ ಮಾಡಬೇಕೆಂದಿದ್ದೇನೆ. ಆದರೆ ಇಂಥವು ಈಗಾಗಲೇ ಬೇಕಾದಷ್ಟಿವೆ. ಇನ್ನೊಂದಕ್ಕೆ ಜಾಗ ಇದೆಯೇ? ಇದ್ದರೆ ಎಲ್ಲಿಂದ ಶುರು ಮಾಡಲಿ?”

ಜಾಗ ಇದೆ. ಕ್ವಿಕನ್ 1980ರ ದಶಕದಿಂದ ಇದೆ, ಗ್ನೂಕ್ಯಾಶ್ 1990ರ ದಶಕದ ಕೊನೆಯಿಂದ ಇದೆ, ನಿಜ. ಆದರೆ ಮೈಕ್ರೋಸಾಫ್ಟ್ ಮನಿ 2009ರಲ್ಲಿ ಮಾರಾಟ ನಿಲ್ಲಿಸಿತು. 2007ರಲ್ಲಿ ಶುರುವಾದ ಮಿಂಟ್ ಸೇವೆಯನ್ನು ಇನ್‌ಟ್ಯೂಟ್ ಕಂಪನಿ 2009ರಲ್ಲಿ 17 ಕೋಟಿ ಡಾಲರಿಗೆ ಕೊಂಡು, 2024ರ ಮಾರ್ಚ್‌ನಲ್ಲಿ ಮುಚ್ಚಿತು. ಎರಡಕ್ಕೂ ದೊಡ್ಡ ಬಳಗವೇ ಇತ್ತು. ವರ್ಷಗಟ್ಟಲೆ ಕೂಡಿಟ್ಟ ಲೆಕ್ಕವನ್ನು ಹೊತ್ತು ಆ ಜನ ಬೇರೆ ನೆಲೆ ಹುಡುಕಬೇಕಾಯಿತು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಬಣ್ಣಬಣ್ಣದ ಗ್ರಾಫು ತೋರಿಸುವ ತಂತ್ರಾಂಶಗಳು ಈ ಮಾರುಕಟ್ಟೆಯಲ್ಲಿ ತುಂಬಿಹೋಗಿವೆ, ಹತ್ತು ವರ್ಷ ನಂಬಿ ಲೆಕ್ಕ ಇಡಬಹುದಾದವು ಈಗಲೂ ಕಡಿಮೆ. ನೀವು ಆ ಎರಡನೆಯ ಗುಂಪಿಗೆ ಸೇರಬೇಕೆಂದಿದ್ದರೆ ಈ ಮಾರ್ಗದರ್ಶಿ ನಿಮಗೆ.

ಬೇಕಾದದ್ದು ಹೆಚ್ಚೇನಿಲ್ಲ: ಚೆನ್ನಾಗಿ ಗೊತ್ತಿರುವ ಒಂದು ಪ್ರೋಗ್ರಾಮಿಂಗ್ ಭಾಷೆ, ಲೆಕ್ಕಪತ್ರದ ಮೂಲಪಾಠ, ನಿಮ್ಮದೇ ಖಾತೆಗಳ ಕೆಲವು ತಿಂಗಳ ಸ್ಟೇಟ್‌ಮೆಂಟುಗಳು, ತಮ್ಮ ಲೆಕ್ಕ ಇಡುವ ರೀತಿಯನ್ನು ನಿಮಗೆ ತೋರಿಸಲು ಒಪ್ಪುವ ನಾಲ್ಕಾರು ಮಂದಿ. ಮೊಬೈಲ್, ವೆಬ್, ಡೆಸ್ಕ್‌ಟಾಪ್ ಮೂರಕ್ಕೂ ಒಟ್ಟಿಗೆ ಕೈ ಹಾಕುವ ಅಗತ್ಯವಿಲ್ಲ. ಒಂದನ್ನು ಆರಿಸಿಕೊಳ್ಳಿ.

ಹಂತ 1: ಯಾರಿಗಾಗಿ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

“ಎಲ್ಲರೂ ಸುಲಭವಾಗಿ ಲೆಕ್ಕ ಇಡಲು” ಎಂದು ಬರೆದಿದ್ದರೆ ಆ ಹಾಳೆಯನ್ನು ಹರಿದುಹಾಕಿ. ಎಲ್ಲರಿಗೂ ಎಂದು ಮಾಡಿದ ತಂತ್ರಾಂಶಗಳು ಆಗಲೇ ಇವೆ, ಅವುಗಳ ಹಿಂದೆ ದೊಡ್ಡ ತಂಡಗಳಿವೆ. ಅವು ಸರಿಯಾಗಿ ಗಮನ ಕೊಡದ ಒಂದು ಬಗೆಯ ಜನ ನಿಮಗೆ ಬೇಕು. ತಿಂಗಳ ಸಂಬಳವಿಲ್ಲದೆ, ಕೆಲಸ ಸಿಕ್ಕಾಗ ಸಂಪಾದಿಸುವವರು. ಒಂದು ದೇಶದಲ್ಲಿ ದುಡಿದು ಇನ್ನೊಂದು ದೇಶದಲ್ಲಿರುವ ಮನೆಗೆ ಹಣ ಕಳಿಸುವವರು. ಖಾತೆ ಬೇರೆಬೇರೆ ಇಟ್ಟುಕೊಂಡು ಖರ್ಚನ್ನು ಮಾತ್ರ ಹಂಚಿಕೊಳ್ಳುವ ದಂಪತಿ. ವಯಸ್ಸಾದ ತಂದೆತಾಯಿಯ ಹಣ ನೋಡಿಕೊಳ್ಳುತ್ತ, ಒಡಹುಟ್ಟಿದವರಿಗೆ ಲೆಕ್ಕ ಒಪ್ಪಿಸಬೇಕಾದ ಮಗಳು. ಈ ಮಗಳಿಗೆ ಬಜೆಟ್ ಮುಖ್ಯವೇ ಅಲ್ಲ. ಯಾರ ಹಣ, ಯಾರ ಕೈಯಿಂದ, ಯಾತಕ್ಕೆ ಹೋಯಿತು ಎಂಬ ದಾಖಲೆ, ಪಕ್ಕದಲ್ಲಿ ರಸೀದಿಯ ಚಿತ್ರ, ಇಷ್ಟಿದ್ದರೆ ಆಕೆಗೆ ಸಾಕು. ಬಳಕೆದಾರರು ಇಷ್ಟು ಸ್ಪಷ್ಟವಾದ ಮೇಲೆ ಮೊದಲು ಯಾವ ಪರದೆ ಮಾಡಬೇಕು ಎಂಬ ಗೊಂದಲ ಉಳಿಯುವುದಿಲ್ಲ.

ಅಂಥ ನಾಲ್ಕಾರು ಮಂದಿಯ ಜೊತೆ ಕೂತು ಮಾತಾಡಿ. “ಇಂಥದ್ದೊಂದು ಇದ್ದರೆ ಬಳಸುತ್ತೀರಾ?” ಎಂದು ಕೇಳಬೇಡಿ, ದಾಕ್ಷಿಣ್ಯಕ್ಕೆ ಎಲ್ಲರೂ ಹೌದೆನ್ನುತ್ತಾರೆ. “ಕಳೆದ ತಿಂಗಳ ಲೆಕ್ಕ ಹೇಗೆ ಮಾಡಿದಿರಿ, ಸ್ವಲ್ಪ ತೋರಿಸಿ” ಎನ್ನಿ. ಬಹಳಷ್ಟು ಜನ ತೆರೆಯುವುದು ಸ್ಪ್ರೆಡ್‌ಶೀಟನ್ನೋ ನೋಟ್‌ಬುಕ್ಕನ್ನೋ. ನಿಮ್ಮ ನಿಜವಾದ ಪ್ರತಿಸ್ಪರ್ಧಿ ಅದೇ. ಅವರು ಎಲ್ಲಿ ಸೂತ್ರವನ್ನು ಕೈಯಾರೆ ತಿದ್ದುತ್ತಾರೆ, ಯಾವ ಕಾಲಮ್ಮಿನ ಪಕ್ಕ ಟಿಪ್ಪಣಿ ಬರೆದುಕೊಂಡಿದ್ದಾರೆ, ಯಾವ ತಿಂಗಳಲ್ಲಿ ಬೇಸತ್ತು ಕೈಬಿಟ್ಟಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ನೀವು ಮಾಡಬೇಕಾದ ಕೆಲಸ ಆ ಗುರುತುಗಳಲ್ಲೇ ಇದೆ.

ಜೊತೆಗೆ, ಈಗಿರುವ ಮೂರನ್ನಾದರೂ ನಿಮ್ಮದೇ ಲೆಕ್ಕ ಹಾಕಿ ಬಳಸಿ ನೋಡಿ. ಗ್ನೂಕ್ಯಾಶ್ ಪೂರ್ಣ ಲೆಕ್ಕಪತ್ರ ಪದ್ಧತಿಯನ್ನು ಹಾಗೇ ಪರದೆಗೆ ತರುತ್ತದೆ. ವೈನ್ಯಾಬ್, ಕೈಗೆ ಬಂದ ಹಣದ ಪ್ರತಿಯೊಂದು ಭಾಗಕ್ಕೂ ಮೊದಲೇ ಕೆಲಸ ಹಚ್ಚಿಬಿಡಿ ಎನ್ನುತ್ತದೆ. ಲೆಡ್ಜರ್ ಮತ್ತು ಎಚ್‌ಲೆಡ್ಜರ್‌ಗಳಲ್ಲಿ ಲೆಕ್ಕವೆಂದರೆ ಒಂದು ಸಾದಾ ಪಠ್ಯ ಕಡತ. ತಂತ್ರಾಂಶ ಅದನ್ನು ಓದಿ ವರದಿ ಕೊಡುತ್ತದೆ, ಅಷ್ಟೆ. ಮೂರೂ ಮೂರು ದೃಷ್ಟಿ. ನಿಮ್ಮದು ಯಾವುದಕ್ಕೆ ಹತ್ತಿರ ಎಂದು ತಿಳಿಯದೆ ಮುಂದೆ ಹೋಗಬೇಡಿ.

ಹಂತ 2: ಕೋಡ್‌ಗೆ ಮುನ್ನ ಜೋಡಿ ನಮೂದು ಕಲಿಯಿರಿ

ಪ್ರತಿಯೊಂದು ವ್ಯವಹಾರವನ್ನು ಕನಿಷ್ಠ ಎರಡು ಖಾತೆಗಳಲ್ಲಿ ಬರೆಯಬೇಕು, ಎಲ್ಲ ಮೊತ್ತಗಳ ಕೂಡಿಕೆ ಸೊನ್ನೆಯಾಗಬೇಕು: ಡಬಲ್ ಎಂಟ್ರಿ ಎಂದು ಕರೆಯುವ ಜೋಡಿ ನಮೂದು ಪದ್ಧತಿಯೆಂದರೆ ಇಷ್ಟೇ. ಇಟಲಿಯ ಲೂಕಾ ಪಚೋಲಿ ಇದನ್ನು ವಿವರಿಸಿದ ಪುಸ್ತಕ ವೆನಿಸ್‌ನಲ್ಲಿ ಅಚ್ಚಾದದ್ದು 1494ರಲ್ಲಿ; ವರ್ತಕರು ಅದಕ್ಕೂ ಮೊದಲಿನಿಂದ ಬಳಸುತ್ತಿದ್ದರು. ಖಾತೆಗಳಲ್ಲಿ ಐದು ಬಗೆ. ನಿಮ್ಮ ಬಳಿ ಇರುವುದು ಆಸ್ತಿ. ನೀವು ಕೊಡಬೇಕಾದದ್ದು ಹೊಣೆ. ಬರುವುದು ಆದಾಯ, ಹೋಗುವುದು ಖರ್ಚು. ಆಸ್ತಿಯಲ್ಲಿ ಹೊಣೆ ಕಳೆದು ನಿಮ್ಮದೆಂದು ಉಳಿಯುವುದು ಬಂಡವಾಳ.

ಒಂದು ಉದಾಹರಣೆ. ಕ್ರೆಡಿಟ್ ಕಾರ್ಡಿನಲ್ಲಿ 500ಕ್ಕೆ ಪುಸ್ತಕ ಕೊಂಡಿರಿ (ಕೊಡಬೇಕಾದದ್ದು ಹೆಚ್ಚಿದರೆ ಋಣಚಿಹ್ನೆ):

ಖರ್ಚು – ಪುಸ್ತಕ: +500
ಹೊಣೆ – ಕಾರ್ಡ್: −500

ತಿಂಗಳ ಕೊನೆಗೆ ಬ್ಯಾಂಕಿನಿಂದ ಕಾರ್ಡಿನ ಬಾಕಿ ಕಟ್ಟಿದಿರಿ:

ಹೊಣೆ – ಕಾರ್ಡ್: +500
ಆಸ್ತಿ – ಬ್ಯಾಂಕ್: −500

ಎರಡನ್ನೂ ಸೇರಿಸಿ ನೋಡಿ. ಖರ್ಚು 500, ಬ್ಯಾಂಕಿನಲ್ಲಿ 500 ಕಡಿಮೆ, ಕಾರ್ಡಿನ ಬಾಕಿ ಸೊನ್ನೆ. ಒಂಟಿ ನಮೂದಿನ ತಂತ್ರಾಂಶದಲ್ಲಿ ಕಾರ್ಡಿನ ಸ್ಟೇಟ್‌ಮೆಂಟಿನಿಂದ 500, ಬ್ಯಾಂಕಿನ ಸ್ಟೇಟ್‌ಮೆಂಟಿನಿಂದ ಇನ್ನೊಂದು 500 ಬಂದು, ಖರ್ಚು 1000 ಎಂದು ತೋರುತ್ತದೆ. ಅದನ್ನು ಮುಚ್ಚಲು “ಇದು ವರ್ಗಾವಣೆ” ಎಂಬ ಗುರುತು ಸೇರಿಸುತ್ತಾರೆ. ಆಮೇಲೆ ಸಾಲದ ಕಂತು ಬರುತ್ತದೆ. ಅದರಲ್ಲಿ ಅಸಲು ಒಂದು ಭಾಗ, ಬಡ್ಡಿ ಒಂದು ಭಾಗ, ಬಡ್ಡಿ ಮಾತ್ರ ಖರ್ಚು. ಅದಕ್ಕೆ ಇನ್ನೊಂದು ತೇಪೆ. ಕಚೇರಿ ಮರಳಿಸುವ ಪ್ರಯಾಣದ ಖರ್ಚು, ಹಿಂತಿರುಗಿಸಿದ ಸಾಮಾನು, ಸ್ನೇಹಿತರಿಗೆ ಕೊಟ್ಟ ಕೈಗಡ, ಒಂದೊಂದಕ್ಕೂ ಒಂದೊಂದು ತೇಪೆ. ಜೋಡಿ ನಮೂದಿನಲ್ಲಿ ಇವೆಲ್ಲಕ್ಕೂ ನಿಯಮ ಒಂದೇ.

ಇಲ್ಲಿ ಬೀಳುವ ಗುಂಡಿ ಯಾವುದೆಂದರೆ, “ಮೊದಲ ಆವೃತ್ತಿ ಸರಳವಾಗಿರಲಿ, ಜೋಡಿ ನಮೂದನ್ನು ಮುಂದೆ ಸೇರಿಸೋಣ” ಎಂಬ ಯೋಚನೆ. ಮುಂದೆ ಸೇರಿಸುವುದು ಬಹಳ ಕಷ್ಟ, ಏಕೆಂದರೆ ಹಳೆಯ ನಮೂದುಗಳಲ್ಲಿ ಇನ್ನೊಂದು ಬದಿಯ ಮಾಹಿತಿಯೇ ಇರುವುದಿಲ್ಲ. ಸರಳವಾಗಿರಬೇಕಾದದ್ದು ಪರದೆ. ಡೆಬಿಟ್, ಕ್ರೆಡಿಟ್ ಎಂದು ತೋರಿಸುವ ಅಗತ್ಯವೇ ಇಲ್ಲ. “ಎಲ್ಲಿಂದ”, “ಎಲ್ಲಿಗೆ”, “ಎಷ್ಟು” ಎಂಬ ಮೂರು ಖಾನೆ ಇದ್ದರೆ ಯಾರು ಬೇಕಾದರೂ ತುಂಬುತ್ತಾರೆ. ಒಳಗೆ ಮಾತ್ರ ಕೂಡಿಕೆ ಸೊನ್ನೆಯಾಗದ ನಮೂದನ್ನು ತಂತ್ರಾಂಶ ಒಪ್ಪಿಕೊಳ್ಳಲೇಬಾರದು.

ಬಳಕೆದಾರರು ಮೊದಲ ದಿನ ತರುವ ಆರಂಭಿಕ ಶಿಲ್ಕಿಗೂ, ಅಂದರೆ ಖಾತೆಯಲ್ಲಿ ಆಗಲೇ ಇರುವ ಮೊತ್ತಕ್ಕೂ, ಇನ್ನೊಂದು ಬದಿ ಬೇಕು. ಅದು ಬಂಡವಾಳದ ಅಡಿಯಲ್ಲಿ “ಆರಂಭಿಕ ಶಿಲ್ಕು” ಎಂಬ ಖಾತೆಗೆ ಹೋಗಲಿ. ಆದಾಯಕ್ಕೆ ಹಾಕಿದರೆ ಆ ತಿಂಗಳು ಅವರು ಭಾರಿ ದುಡಿದಂತೆ ವರದಿ ಬರುತ್ತದೆ.

ಹಂತ 3: ಹಣವನ್ನು ಪೂರ್ಣಾಂಕವಾಗಿ ಇಡಿ

ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ದಶಮಾಂಶ ಸಂಖ್ಯೆ ಬರೆದರೆ ಅದು ಫ್ಲೋಟ್ ಆಗಿ ಕೂರುತ್ತದೆ. ಫ್ಲೋಟ್ ಎಂದರೆ ಎರಡರ ಘಾತಗಳಲ್ಲಿ ಅಂದಾಜಾಗಿ ಇಟ್ಟ ಸಂಖ್ಯೆ. 0.1 ಎಂಬುದನ್ನು ಆ ರೂಪದಲ್ಲಿ ಪೂರ್ತಿ ಸರಿಯಾಗಿ ಬರೆಯಲು ಬರುವುದಿಲ್ಲ. ಅದಕ್ಕೇ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಒಂದು ನಮೂದಿನಲ್ಲಿ ಇದು ಕಾಣುವುದಿಲ್ಲ. ಸಾವಿರಾರು ನಮೂದು ಕೂಡಿಸಿ “ಸೊನ್ನೆಯೇ?” ಎಂದು ಕೇಳಿದಾಗ ತಂತ್ರಾಂಶ “ಅಲ್ಲ” ಎನ್ನುತ್ತದೆ, ನಿಮ್ಮ ಬಳಕೆದಾರ ಆ ಪೈಸೆಯನ್ನು ಹುಡುಕುತ್ತ ಒಂದು ಸಂಜೆ ಕಳೆಯುತ್ತಾನೆ.

ಪರಿಹಾರ ಸುಲಭ. ಮೊತ್ತವನ್ನು ಆ ಹಣದ ಅತಿ ಚಿಕ್ಕ ಘಟಕದಲ್ಲಿ ಪೂರ್ಣಾಂಕವಾಗಿ ಇಡಿ: ರೂಪಾಯಿಗೆ ಪೈಸೆ, ಡಾಲರಿಗೆ ಸೆಂಟ್. 125.50 ಎಂಬುದು ಒಳಗೆ 12550. ಆದರೆ ಎಲ್ಲ ಹಣಕ್ಕೂ ಎರಡು ದಶಮಾಂಶ ಎಂದುಕೊಳ್ಳಬೇಡಿ. ಹಣಗಳ ಸಂಕೇತಗಳನ್ನು ಪಟ್ಟಿ ಮಾಡುವ ಐಎಸ್‌ಒ 4217 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತಿನ ದಿನಾರ್‌ಗೆ ಮೂರು ಸ್ಥಾನ. 100 ಎಂಬ ಭಾಜಕವನ್ನು ಕೋಡಿನ ಹತ್ತು ಕಡೆ ಬರೆದುಬಿಟ್ಟರೆ ಮುಂದೆ ಹತ್ತೂ ಕಡೆ ತಿದ್ದಬೇಕಾಗುತ್ತದೆ. ಹಣದ ಸಂಕೇತ ಮತ್ತು ದಶಮಾಂಶ ಸ್ಥಾನ ಒಂದೇ ಕೋಷ್ಟಕದಲ್ಲಿ ಇರಲಿ.

ಇನ್ನೂ ಮೂರು ಎಚ್ಚರಿಕೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು 2ರ 53ನೇ ಘಾತದವರೆಗೆ ಮಾತ್ರ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುತ್ತವೆ. ಮನೆಯ ಲೆಕ್ಕಕ್ಕೆ ಅದು ಧಾರಾಳವಾಯಿತು, ಆದರೆ ವಿನಿಮಯ ದರದಿಂದ ಗುಣಿಸುವಾಗ ಮಧ್ಯದ ಸಂಖ್ಯೆ ದೊಡ್ಡದಾಗಬಹುದು. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನಲ್ಲಿ ಕಾಲಮ್ಮಿಗೆ “ಡೆಸಿಮಲ್” ಎಂದು ಹೆಸರಿಟ್ಟರೂ ಅದು ಭಿನ್ನಾಂಕವನ್ನು ಫ್ಲೋಟ್ ಆಗಿಯೇ ಇಡುತ್ತದೆ. ಇದನ್ನು ತಿಳಿಯದೆ ಮೋಸಹೋಗುವವರು ಬಹಳ. ಮೂರನೆಯದು ಹಂಚಿಕೆ. 100.00 ಅನ್ನು ಮೂವರಿಗೆ ಹಂಚಿದರೆ ತಲಾ 33.33, ಒಂದು ಪೈಸೆ ಉಳಿಯುತ್ತದೆ. ಆ ಪೈಸೆ ಯಾರಿಗೆ ಎಂಬ ನಿಯಮ ನಿಮ್ಮ ಕೋಡಿನಲ್ಲಿ ಇರಬೇಕು, ಮೊದಲನೆಯವರಿಗೆ 33.34 ಎಂದಿಟ್ಟರೂ ಸರಿ, ಪ್ರತಿ ಸಲ ಹಾಗೇ ಆಗಬೇಕು.

ಎರಡು ಹಣಗಳ ನಡುವಿನ ವ್ಯವಹಾರದಲ್ಲಿ ದರವನ್ನು ಮಾತ್ರ ಇಟ್ಟುಕೊಂಡು ಇನ್ನೊಂದು ಮೊತ್ತವನ್ನು ಆಗಾಗ ಲೆಕ್ಕ ಹಾಕಬೇಡಿ. ಹೋದ ಮೊತ್ತ, ಬಂದ ಮೊತ್ತ ಎರಡನ್ನೂ ಬರೆದಿಡಿ. ಬ್ಯಾಂಕು ಕೊಟ್ಟದ್ದು ಆ ಮೊತ್ತಗಳನ್ನೇ. ದರ ಅವುಗಳಿಂದ ಹುಟ್ಟುವುದು.

ದಿನಾಂಕದ ಬಗ್ಗೆ ಒಂದೇ ಮಾತು: ವ್ಯವಹಾರದ ದಿನಾಂಕಕ್ಕೆ ಗಂಟೆ, ಸಮಯವಲಯ ಅಂಟಿಸಬೇಡಿ. ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಸಾದಾ ದಿನಾಂಕವಾಗಿ ಇಡಿ. ಇಲ್ಲದಿದ್ದರೆ ಬಳಕೆದಾರರು ಬೇರೆ ದೇಶಕ್ಕೆ ಹೋದ ದಿನ ಅವರ 31ನೇ ತಾರೀಖಿನ ಖರ್ಚು ಮುಂದಿನ ತಿಂಗಳಿಗೆ ಜಾರುತ್ತದೆ.

ಹಂತ 4: ಸಂಗ್ರಹ ಮತ್ತು ತಿದ್ದುಪಡಿ

ಒಬ್ಬರ ಲೆಕ್ಕಕ್ಕೆ ಎಸ್‌ಕ್ಯೂಲೈಟ್ ಸಾಕು. ಇಡೀ ಲೆಕ್ಕ ಒಂದೇ ಕಡತದಲ್ಲಿ ಇರುತ್ತದೆ, ಅದನ್ನು ತೆರೆಯಬಲ್ಲ ಸಾಧನಗಳು ಎಲ್ಲೆಡೆ ಇವೆ. ಮೂರು ಕೋಷ್ಟಕದಿಂದ ಶುರು ಮಾಡಿ: ಖಾತೆಗಳು, ವ್ಯವಹಾರಗಳು, ಪ್ರತಿ ವ್ಯವಹಾರದ ಒಳಗಿನ ನಮೂದುಗಳು. ಒಂದೇ ಬಿಲ್ಲಿನಲ್ಲಿ ಔಷಧವೂ ಸಾಬೂನೂ ಇದ್ದರೆ ಒಂದು ವ್ಯವಹಾರಕ್ಕೆ ಮೂರು ನಮೂದು ಬರುತ್ತದೆ. ಹಾಗಾಗಿ “ವ್ಯವಹಾರಕ್ಕೆ ಎರಡೇ ಖಾತೆ” ಎಂದು ವಿನ್ಯಾಸದಲ್ಲಿ ಕಟ್ಟಿಹಾಕಬೇಡಿ.

ಯಾವ ನಮೂದನ್ನೂ ಗುರುತಿಲ್ಲದಂತೆ ಅಳಿಸಬೇಡಿ. ತಿದ್ದಿದಾಗ ಹಳೆಯದು ಏನಿತ್ತು, ಯಾವಾಗ ಬದಲಾಯಿತು ಎಂಬುದು ಬೇರೆ ಕೋಷ್ಟಕದಲ್ಲಿ ಉಳಿಯಲಿ. “ಹೋದ ವಾರ ಶಿಲ್ಕು ಸರಿಯಿತ್ತು, ಈಗ ಯಾಕೆ ಇಲ್ಲ?” ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಅದೊಂದೇ.

ಎಸ್‌ಕ್ಯೂಲೈಟ್ ಕಡತವನ್ನು ಬಳಕೆಯಲ್ಲಿರುವಾಗಲೇ ಸಾದಾ ಕಡತದಂತೆ ನಕಲು ಮಾಡಿದರೆ ನಕಲು ಕೆಟ್ಟಿರಬಹುದು. ಅದರದೇ ಬ್ಯಾಕಪ್ ಸೌಲಭ್ಯ ಬಳಸಿ. ಅದೇ ಕಾರಣಕ್ಕೆ, ಕಡತವನ್ನು ಕ್ಲೌಡ್ ಫೋಲ್ಡರಿನಲ್ಲಿಟ್ಟು ಎರಡು ಯಂತ್ರಗಳಿಂದ ತೆರೆಯುವುದನ್ನು “ಸಿಂಕ್” ಎಂದು ಜಾಹೀರು ಮಾಡಬೇಡಿ. ನಿಜವಾದ ಸಿಂಕ್ ದೊಡ್ಡ ಕೆಲಸ. ಮೊದಲ ಆವೃತ್ತಿಯಲ್ಲಿ ಇಲ್ಲ ಎಂದು ನೇರವಾಗಿ ಹೇಳುವುದೇ ವಾಸಿ. ಹೊಸ ಆವೃತ್ತಿ ಕೋಷ್ಟಕದ ರಚನೆಯನ್ನು ಬದಲಿಸುವ ಮುನ್ನ ಹಳೆಯ ಕಡತದ ಪ್ರತಿಯನ್ನು ತಾನಾಗಿಯೇ ತೆಗೆದಿಡಬೇಕು, ಎಲ್ಲಿಟ್ಟಿದೆ ಎಂದೂ ಹೇಳಬೇಕು.

ಹಂತ 5: ಆಮದು

ನಿಮ್ಮ ತಂತ್ರಾಂಶ ಉಳಿಯುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ಕೈಯಿಂದ ಪ್ರತಿ ಖರ್ಚು ಬರೆಯುವ ಉತ್ಸಾಹ ಹೆಚ್ಚು ದಿನ ನಿಲ್ಲುವುದಿಲ್ಲ. ಜನ ಬ್ಯಾಂಕಿನಿಂದ ಕಡತ ಇಳಿಸಿಕೊಂಡು ಬರುತ್ತಾರೆ, ಅದು ಮೊದಲ ಸಲವೇ ಸರಿಯಾಗಿ ಒಳಬರಬೇಕು. ನಿಮ್ಮ ಸಮಯದ ದೊಡ್ಡ ಪಾಲನ್ನು ಇದಕ್ಕೇ ಮೀಸಲಿಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಸಿಎಸ್‌ವಿ ಎಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ. ಅತಿ ಹೆಚ್ಚು ಸಿಗುವುದು ಇದೇ, ಅತಿ ಹೆಚ್ಚು ತೊಂದರೆ ಕೊಡುವುದೂ ಇದೇ. 03/04/2024 ಎಂದರೆ ಏಪ್ರಿಲ್ 3ನೋ ಮಾರ್ಚ್ 4ನೋ ಕಡತ ಹೇಳುವುದಿಲ್ಲ. ಕೆಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುತ್ತಾರೆ, ಆಗ ಕಾಲಮ್ಮುಗಳನ್ನು ಅರ್ಧವಿರಾಮದಿಂದ ಬೇರ್ಪಡಿಸಿರುತ್ತಾರೆ. ಒಂದು ಬ್ಯಾಂಕು ಜಮೆ, ಖರ್ಚು ಎಂದು ಎರಡು ಕಾಲಮ್ ಕೊಟ್ಟರೆ ಇನ್ನೊಂದು ಒಂದೇ ಕಾಲಮ್ಮಿನಲ್ಲಿ ಋಣಚಿಹ್ನೆ ಹಾಕುತ್ತದೆ. ಕಾರ್ಡಿನ ಕಡತದಲ್ಲಿ ಚಿಹ್ನೆ ತಲೆಕೆಳಗಾಗಿರಬಹುದು. ಮೊದಲ ಹತ್ತು ಸಾಲು ಖಾತೆದಾರರ ವಿಳಾಸವೇ ಇರಬಹುದು.

ಇದನ್ನೆಲ್ಲ ತಂತ್ರಾಂಶ ತಾನೇ ಊಹಿಸಿ ಮುಗಿಸಲು ಹೋಗಬಾರದು. ಊಹಿಸಿ, ತೋರಿಸಿ, ಒಪ್ಪಿಗೆ ಪಡೆಯಬೇಕು. ಮೊದಲ ಕೆಲವು ಸಾಲುಗಳನ್ನು “ನಾನು ಹೀಗೆ ಓದಿದ್ದೇನೆ” ಎಂದು ಪರದೆಯಲ್ಲಿಟ್ಟು, ಬಳಕೆದಾರರು ಸರಿ ಎಂದ ಮೇಲೆ ಆ ಕ್ರಮವನ್ನು ಆ ಬ್ಯಾಂಕಿನ ಹೆಸರಿಗೆ ನೆನಪಿಟ್ಟುಕೊಳ್ಳಿ. ಕಡತದಲ್ಲಿ ಪ್ರತಿ ಸಾಲಿನ ಶಿಲ್ಕು ಇದ್ದರೆ ಅದು ನಿಮಗೆ ವರ: ಹಿಂದಿನ ಶಿಲ್ಕಿಗೆ ಮೊತ್ತ ಕೂಡಿಸಿದರೆ ಮುಂದಿನ ಶಿಲ್ಕು ಬರುತ್ತದೆಯೇ ಎಂದು ಪರೀಕ್ಷಿಸಿ, ಚಿಹ್ನೆ ತಪ್ಪಿದ್ದರೆ ಅಲ್ಲೇ ಹಿಡಿಯಬಹುದು.

ಒಎಫ್‌ಎಕ್ಸ್ ಎಂಬ ರೂಪ 1997ರಲ್ಲಿ ಮೈಕ್ರೋಸಾಫ್ಟ್, ಇನ್‌ಟ್ಯೂಟ್, ಚೆಕ್‌ಫ್ರೀ ಕಂಪನಿಗಳಿಂದ ಬಂತು. ಅದರಲ್ಲಿ ಪ್ರತಿ ವ್ಯವಹಾರಕ್ಕೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಒಂದೇ ವ್ಯವಹಾರ ಎರಡು ಸಲ ಬರುವುದನ್ನು ತಡೆಯುವುದು ಸುಲಭ. ಹಳೆಯ 1ನೇ ಸರಣಿಯ ಒಎಫ್‌ಎಕ್ಸ್ ಕಡತಗಳು ಎಕ್ಸ್‌ಎಂಎಲ್‌ನಂತೆ ಕಂಡರೂ ಎಕ್ಸ್‌ಎಂಎಲ್ ಅಲ್ಲ. ಸಾಮಾನ್ಯ ಎಕ್ಸ್‌ಎಂಎಲ್ ಓದುಗ ಅಲ್ಲಿ ಸೋಲುತ್ತದೆ. ಅದಕ್ಕೂ ಹಿಂದಿನ ಕ್ವಿಕನ್‌ನ ಕ್ಯೂಐಎಫ್ ರೂಪದಲ್ಲಿ ಗುರುತಿನ ಸಂಖ್ಯೆಯೂ ಇಲ್ಲ, ಯಾವ ಹಣ ಎಂಬುದೂ ಇಲ್ಲ. ಆದರೂ ಹಳೆಯ ತಂತ್ರಾಂಶ ಬಿಟ್ಟು ಬರುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅದೇ, ಓದಲೇಬೇಕು.

ನಕಲು ಹಿಡಿಯುವಾಗ ಅವಸರ ಬೇಡ. ದಿನಾಂಕ, ಮೊತ್ತ, ವಿವರ ಮೂರೂ ಒಂದೇ ಇದ್ದರೂ ಅವು ಎರಡು ನಿಜವಾದ ವ್ಯವಹಾರಗಳಾಗಿರಬಹುದು. ಒಂದೇ ದಿನ ಎರಡು ಸಲ ಒಂದೇ ದರದ ಬಸ್ ಟಿಕೆಟ್ ಕೊಂಡವರಿಲ್ಲವೇ? ಅನುಮಾನದವನ್ನು ಪಕ್ಕಕ್ಕಿಟ್ಟು ಕೇಳಿ, ತಾನಾಗಿ ಬಿಸಾಡಬೇಡಿ. ಒಂದು ಆಮದಿನಲ್ಲಿ ಬಂದ ಎಲ್ಲವನ್ನೂ ಒಂದೇ ಗುಂಡಿಯಿಂದ ಹಿಂದೆಗೆಯುವ ಅವಕಾಶ ಇರಲೇಬೇಕು. ಈ ಒಂದು ಸೌಲಭ್ಯ ಇದ್ದರೆ ಜನ ಹೆದರದೆ ಪ್ರಯತ್ನಿಸುತ್ತಾರೆ.

ಹಂತ 6: ತಾಳೆ ನೋಡುವ ಪರದೆ

ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿರುವ ಆಖೈರು ಶಿಲ್ಕು, ಅಂದರೆ ಅವಧಿಯ ಕೊನೆಗೆ ಉಳಿದ ಮೊತ್ತ, ನಮ್ಮ ಲೆಕ್ಕದ ಶಿಲ್ಕಿಗೆ ಸಮವೇ ಎಂದು ನೋಡುವುದೇ ತಾಳೆ. ಬಳಕೆದಾರರು ಸ್ಟೇಟ್‌ಮೆಂಟಿನ ದಿನಾಂಕ, ಶಿಲ್ಕು ಕೊಡುತ್ತಾರೆ. ಒಂದೊಂದು ನಮೂದಿಗೆ ಗುರುತು ಹಾಕಿದಂತೆ ವ್ಯತ್ಯಾಸ ಕಡಿಮೆಯಾಗುತ್ತ ಸೊನ್ನೆಗೆ ಬರಬೇಕು. ಬಂದ ಮೇಲೆ ಆ ಅವಧಿಗೆ ಬೀಗ ಬೀಳಲಿ, ತಿದ್ದಲು ಹೋದರೆ ಎಚ್ಚರಿಸಲಿ.

ವ್ಯತ್ಯಾಸ ಉಳಿದರೆ “ಸರಿಹೊಂದಿಸು” ಎಂಬ ಗುಂಡಿ ಕೊಟ್ಟು ಸುಮ್ಮನಾಗುವುದು ಕೆಟ್ಟ ಅಭ್ಯಾಸ. ಅದರ ಬದಲು ಸುಳಿವು ಕೊಡಿ. ವ್ಯತ್ಯಾಸದ ಅರ್ಧಕ್ಕೆ ಸಮನಾದ ನಮೂದಿದ್ದರೆ ಅದರ ಚಿಹ್ನೆ ತಲೆಕೆಳಗಾಗಿರುವ ಸಾಧ್ಯತೆ ಹೆಚ್ಚು. ವ್ಯತ್ಯಾಸ 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರಬಹುದು, 54 ಬರೆಯುವಲ್ಲಿ 45 ಬರೆದಂತೆ. ಹಳೆಯ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿದ್ದ ಈ ಉಪಾಯಗಳನ್ನು ಹೊಸ ತಂತ್ರಾಂಶಗಳಲ್ಲಿ ಕಾಣುವುದು ಅಪರೂಪ. ನಿಮ್ಮದರಲ್ಲಿ ಇರಲಿ.

ಹಂತ 7: ರಫ್ತು ಮೊದಲ ಆವೃತ್ತಿಯಲ್ಲೇ

ಹೊರಹೋಗುವ ಬಾಗಿಲು ಕಾಣದಿದ್ದರೆ ಎಚ್ಚರವುಳ್ಳ ಯಾರೂ ಒಳಗೆ ಬರುವುದಿಲ್ಲ. ಎಲ್ಲ ಖಾತೆ, ಎಲ್ಲ ನಮೂದು, ಟಿಪ್ಪಣಿ, ತಾಳೆಯ ಗುರುತು, ರಸೀದಿ ಚಿತ್ರ ಎಲ್ಲವೂ ಒಂದೇ ಗುಂಡಿಯಿಂದ ಹೊರಬರಬೇಕು, ಬೇರೆಯವರು ಓದಬಲ್ಲ ರೂಪದಲ್ಲಿ. ಕಡತದ ರಚನೆಯನ್ನು ವಿವರಿಸುವ ಪುಟವನ್ನೂ ಪ್ರಕಟಿಸಿ.

ರಫ್ತಿನಿಂದ ನಿಮಗೊಂದು ಒಳ್ಳೆಯ ಪರೀಕ್ಷೆಯೂ ಸಿಗುತ್ತದೆ. ರಫ್ತು ಮಾಡಿದ್ದನ್ನು ಖಾಲಿ ಕಡತಕ್ಕೆ ಆಮದು ಮಾಡಿ; ಪ್ರತಿ ಖಾತೆಯ ಶಿಲ್ಕು ಹಾಗೇ ಬರಬೇಕು. ಇದನ್ನು, ಹಾಗೂ “ಎಲ್ಲ ನಮೂದುಗಳ ಕೂಡಿಕೆ ಸೊನ್ನೆ” ಎಂಬ ಪರೀಕ್ಷೆಯನ್ನು, ಯಂತ್ರವೇ ಹುಟ್ಟಿಸಿದ ಸಾವಿರಾರು ಯಾದೃಚ್ಛಿಕ ವ್ಯವಹಾರಗಳ ಮೇಲೆ ಪ್ರತಿ ಬಿಡುಗಡೆಗೆ ಮುನ್ನ ಓಡಿಸಿ. ಇನ್ನೊಂದು ಸಣ್ಣ ವಿಷಯ: ಸಿಎಸ್‌ವಿಯ ಒಂದು ಖಾನೆ ಸಮಚಿಹ್ನೆಯಿಂದ ಶುರುವಾದರೆ ಸ್ಪ್ರೆಡ್‌ಶೀಟ್ ಅದನ್ನು ಸೂತ್ರವೆಂದು ಓಡಿಸುತ್ತದೆ. ವ್ಯವಹಾರದ ವಿವರ ಹೊರಗಿನವರು ಬರೆದದ್ದಾಗಿರುವುದರಿಂದ ಇದು ದಾಳಿಗೂ ದಾರಿ. ರಫ್ತಿನಲ್ಲಿ ಅಂಥ ಖಾನೆಗಳನ್ನು ಸಾದಾ ಪಠ್ಯವಾಗುವಂತೆ ಬರೆಯಿರಿ.

ಹಂತ 8: ಬ್ಯಾಂಕ್ ಸಂಪರ್ಕ ಮತ್ತು ಗುಟ್ಟು

ಬಳಕೆದಾರರ ಬ್ಯಾಂಕಿನ ಪಾಸ್‌ವರ್ಡ್ ಎಂದೂ ಕೇಳಬೇಡಿ. ಅದನ್ನು ಇಟ್ಟುಕೊಂಡು ಅವರ ಹೆಸರಿನಲ್ಲಿ ಲಾಗಿನ್ ಆಗಿ ಪುಟ ಓದುವ ವಿಧಾನಕ್ಕೆ ಸ್ಕ್ರೀನ್ ಸ್ಕ್ರೇಪಿಂಗ್ ಎನ್ನುತ್ತಾರೆ. ಬ್ಯಾಂಕಿನ ಪುಟ ಬದಲಾದ ದಿನ ಅದು ಮುರಿಯುತ್ತದೆ, ನಿಮ್ಮ ಸರ್ವರ್ ಕಳುವಾದ ದಿನ ಎಲ್ಲರ ಖಾತೆಯೂ ತೆರೆದಂತೆ. ಯುರೋಪಿನಲ್ಲಿ 2018ರಿಂದ ಅನ್ವಯವಾದ ಪಿಎಸ್‌ಡಿ2 ನಿಯಮದಂತೆ, ಗ್ರಾಹಕರು ಒಪ್ಪಿದರೆ ಬ್ಯಾಂಕು ಪರವಾನಗಿ ಪಡೆದ ಮೂರನೆಯವರಿಗೆ ಖಾತೆಯ ಮಾಹಿತಿ ಕೊಡಬೇಕು. ಇಂಥ ದಾರಿಗಳಲ್ಲಿ ಪರವಾನಗಿ ಬೇಕು, ಇಲ್ಲವೇ ಪ್ಲೇಡ್‌ನಂಥ ಮಧ್ಯವರ್ತಿ ಸೇವೆಗೆ ಶುಲ್ಕ ಕಟ್ಟಬೇಕು. ಒಬ್ಬರೇ ಕಟ್ಟುವ ಮೊದಲ ಆವೃತ್ತಿಗೆ ಎರಡೂ ಭಾರ. ಐದನೇ ಹಂತದ ಆಮದು ಚೆನ್ನಾಗಿದ್ದರೆ ಸದ್ಯಕ್ಕೆ ಸಾಕು.

ಕಡತವನ್ನು ಗೂಢಲಿಪಿಯಲ್ಲಿ ಇಡಲು ಎಸ್‌ಕ್ಯೂಎಲ್‌ಸೈಫರ್‌ನಂಥ ಸಿದ್ಧ, ಪರೀಕ್ಷಿತ ಸಾಧನ ಬಳಸಿ, ಸ್ವಂತದ್ದು ಹೆಣೆಯಬೇಡಿ. ಪಾಸ್‌ವರ್ಡ್ ಮರೆತರೆ ಲೆಕ್ಕ ಮರಳಿ ಸಿಗುವುದಿಲ್ಲ ಎಂಬುದನ್ನು ಅದನ್ನು ಹಾಕಿಸುವ ಪರದೆಯಲ್ಲೇ ದೊಡ್ಡದಾಗಿ ಬರೆಯಿರಿ.

ಹಂತ 9: ಬೆಲೆ, ಮತ್ತು ನಿಲ್ಲಿಸಬೇಕಾದರೆ ಏನು

ಬೆಲೆ ಇಡಿ. ಮಿಂಟ್ ಉಚಿತವಾಗಿತ್ತು, ಬಳಕೆದಾರರಿಗೆ ಹಣಕಾಸಿನ ಉತ್ಪನ್ನಗಳನ್ನು ಸೂಚಿಸಿ, ಅದರಿಂದ ಬರುವ ಹಣದಲ್ಲಿ ನಡೆಯುತ್ತಿತ್ತು. ಆ ಮಾದರಿಯಲ್ಲಿ ಬಳಕೆದಾರರ ಹಿತ ಒಂದು ಕಡೆ, ನಿಮ್ಮ ಆದಾಯ ಇನ್ನೊಂದು ಕಡೆ ಎಳೆಯುತ್ತದೆ. ಒಂದೇ ಸಲದ ಬೆಲೆ ಜನರಿಗೆ ಇಷ್ಟ, ಆದರೆ ಹೊಸ ಗ್ರಾಹಕರು ಬರುವುದು ನಿಂತ ದಿನ ನಿಮ್ಮ ದುಡಿಮೆಗೆ ಕೂಲಿ ಇಲ್ಲ. ವಾರ್ಷಿಕ ಚಂದಾ ನಿಮಗೆ ಸ್ಥಿರ, ಆದರೆ ಚಂದಾ ನಿಂತ ಮೇಲೂ ಹಳೆಯ ಲೆಕ್ಕವನ್ನು ತೆರೆದು ನೋಡಲು, ರಫ್ತು ಮಾಡಲು ಬಿಡಲೇಬೇಕು. ನನ್ನ ಆಯ್ಕೆ: ತಂತ್ರಾಂಶಕ್ಕೆ ಒಂದು ಸಲದ ಬೆಲೆ, ದೊಡ್ಡ ಹೊಸ ಆವೃತ್ತಿಗೆ ಮತ್ತೆ ಬೆಲೆ, ಹಳೆಯದು ಓಡುತ್ತಲೇ ಇರಬೇಕು.

ನಿಲ್ಲಿಸಬೇಕಾಗಿ ಬಂದರೆ ಏನು ಮಾಡುತ್ತೀರಿ ಎಂಬುದನ್ನೂ ಮೊದಲೇ ಬರೆದು ಪ್ರಕಟಿಸಿ. ಎರಡು ಒಳ್ಳೆಯ ಮಾದರಿಗಳಿವೆ. ಮನಿ ತಂತ್ರಾಂಶವನ್ನು ಕೈಬಿಟ್ಟ ಮೇಲೆ ಮೈಕ್ರೋಸಾಫ್ಟ್, ಹಳೆಯ ಕಡತಗಳನ್ನು ತೆರೆಯಲೆಂದು ಸಕ್ರಿಯಗೊಳಿಸುವ ಗೋಜಿಲ್ಲದ ಉಚಿತ ಆವೃತ್ತಿಯೊಂದನ್ನು ಬಿಟ್ಟಿತು. ಆಕ್ಚುವಲ್ ಎಂಬ ಬಜೆಟ್ ತಂತ್ರಾಂಶವನ್ನು ಕಟ್ಟಿದವರು 2022ರಲ್ಲಿ ಅದರ ಕೋಡನ್ನು ಮುಕ್ತಗೊಳಿಸಿದರು, ಈಗ ಅದನ್ನು ಸಮುದಾಯ ನಡೆಸುತ್ತಿದೆ.

ಹಂತ 10: ಮೊದಲ ಬಳಕೆದಾರರು

ಒಂದನೇ ಹಂತದಲ್ಲಿ ಮಾತಾಡಿಸಿದವರಿಂದಲೇ ಶುರು ಮಾಡಿ. ಅವರ ಹಳೆಯ ಲೆಕ್ಕವನ್ನು ಒಳತರುವಾಗ ಪಕ್ಕದಲ್ಲಿ ಕೂತಿರಿ, ಮೌಸ್ ಮಾತ್ರ ಮುಟ್ಟಬೇಡಿ. ಅವರು ತಡವರಿಸಿದ ಜಾಗವನ್ನು ಮಾತಿನಲ್ಲಿ ವಿವರಿಸಿ ದಾಟಿಸುವ ಬದಲು ಬರೆದಿಟ್ಟುಕೊಳ್ಳಿ. ಎರಡನೇ ತಿಂಗಳೂ ತಾವಾಗಿ ತಾಳೆ ನೋಡಿದರೆ ಮಾತ್ರ ಅವರನ್ನು ಬಳಕೆದಾರರೆಂದು ಎಣಿಸಿ. ಡೌನ್‌ಲೋಡ್ ಸಂಖ್ಯೆ ಯಾವುದನ್ನೂ ಹೇಳುವುದಿಲ್ಲ. ಮಾರಾಟದ ಪುಟದಲ್ಲಿ ನಿಮ್ಮ ತಂತ್ರಾಂಶ ಏನನ್ನು ಮಾಡುವುದಿಲ್ಲ ಎಂಬ ಪಟ್ಟಿಯೂ ಇರಲಿ. ಅದನ್ನು ಓದಿ ಹಿಂದಿರುಗುವವರು ಮುಂದೆ ಬೇಸರದ ಪತ್ರ ಬರೆಯುವುದು ತಪ್ಪುತ್ತದೆ.

ದೂರುಗಳು ಬರಲಾರಂಭಿಸಿದಾಗ ಒಂದು ತೊಡಕು ಎದುರಾಗುತ್ತದೆ. ತಪ್ಪು ಹುಡುಕಲು ನಿಮಗೆ ಅವರ ಕಡತ ಬೇಕು, ಆದರೆ ತಮ್ಮ ಸಂಬಳ, ಸಾಲ, ಆಸ್ಪತ್ರೆ ಖರ್ಚನ್ನು ಅಪರಿಚಿತರಿಗೆ ಕಳಿಸಲು ಯಾರಿಗೂ ಮನಸ್ಸಾಗುವುದಿಲ್ಲ, ನೀವು ಕೇಳಲೂಬಾರದು. ಇದಕ್ಕಾಗಿ “ಗುರುತು ಅಳಿಸಿದ ಪ್ರತಿ” ಎಂಬ ಆಯ್ಕೆಯನ್ನು ಮೊದಲ ಬಿಡುಗಡೆಯಲ್ಲೇ ಸೇರಿಸಿ. ಅದು ಖಾತೆಗಳ ಹೆಸರನ್ನು “ಖಾತೆ 1”, “ಖಾತೆ 2” ಎಂದು ಬದಲಿಸಬೇಕು, ವಿವರಗಳನ್ನು ಅಳಿಸಬೇಕು, ದಿನಾಂಕಗಳನ್ನೆಲ್ಲ ಒಂದೇ ಅಂತರದಲ್ಲಿ ಸರಿಸಬೇಕು, ಮೊತ್ತಗಳನ್ನೆಲ್ಲ ಕಡತದಲ್ಲಿ ಎಲ್ಲೂ ಉಳಿಯದ ಒಂದೇ ಗುಟ್ಟಿನ ಪೂರ್ಣಾಂಕದಿಂದ ಗುಣಿಸಬೇಕು. ಹೀಗೆ ಮಾಡಿದರೆ ಪ್ರತಿ ವ್ಯವಹಾರದ ಕೂಡಿಕೆ ಸೊನ್ನೆಯಾಗಿಯೇ ಉಳಿಯುತ್ತದೆ, ಅನೇಕ ತಪ್ಪುಗಳು ಆ ಪ್ರತಿಯಲ್ಲೂ ಹಾಗೇ ಮರುಕಳಿಸುತ್ತವೆ. ಮೊತ್ತಗಳ ನಡುವಿನ ಅನುಪಾತ ಮಾತ್ರ ಬದಲಾಗುವುದಿಲ್ಲ, ಇದನ್ನು ಅವರಿಗೆ ಮುಚ್ಚಿಡದೆ ಹೇಳಿ. ಕಳಿಸುವ ಮೊದಲು ಆ ಪ್ರತಿಯನ್ನು ಅವರೇ ತೆರೆದು ನೋಡುವಂತಿರಲಿ.